ಹೆಲ್ಮೆಟ್ ಅಕ್ಕ ಒತ್ತಿದ ಕೆಂಪು ಗುಂಡಿ

ದೊಡ್ಡ ಬಟ್ಟೆ ಅಂಗಡಿಯ ಬಾಗಿಲಲ್ಲಿ ಕಾವಲಿಗಿದ್ದ ಆಕೆಗೆ ಹೆಲ್ಮೆಟ್ ಅಕ್ಕ ಎಂದೇ ಹೆಸರು. ಹೆಲ್ಮೆಟ್ ತೊಟ್ಟು ಬಂದ ಯಾವ ಗಂಡಸನ್ನೂ ಮುಖ ನೋಡದೆ ಒಳಗೆ ಬಿಡುತ್ತಿರಲಿಲ್ಲ. ಸಮವಸ್ತ್ರ ಸಿಕ್ಕಿದ್ದೇ ತಡ ಅಧಿಕಾರ ತಲೆಗೇರಿದೆ, ಬಂದವರಲ್ಲೆಲ್ಲ ಭಯೋತ್ಪಾದಕರನ್ನೇ ಕಾಣುತ್ತಾಳೆ ಎಂದು ಜನ ಗೊಣಗುತ್ತಿದ್ದರು. ಹೆಲ್ಮೆಟ್ ತೆಗೆಯಬೇಕಾಗಿ ಬಂದು ಬಾಚಿದ ಕೂದಲು ಕೆದರಿಹೋದ ಸಿಟ್ಟಿನಲ್ಲಿ ಈ ಬರೆಯುವವನೂ ಹಾಗೆಯೇ ತಿಳಿದಿದ್ದ. ಇದ್ದ ಕೂದಲೇ ಅಷ್ಟಕ್ಕಷ್ಟೆ ಎನ್ನುವುದು ಬೇರೆ ಮಾತು.

ಆಕೆ ಹುಡುಕುತ್ತಿದ್ದದ್ದು ಒಂದೇ ಮುಖವನ್ನು: ತಂಗಿಯ ಗಂಡನದ್ದು. ಹೊಡೆತ ತಾಳಲಾರದೆ ತಂಗಿ ಅವನನ್ನು ಬಿಟ್ಟು ಅಕ್ಕನ ಮನೆ ಸೇರಿದ್ದಳು. ಅದೇ ಅಂಗಡಿಯಲ್ಲಿ ಮಕ್ಕಳ ಬಟ್ಟೆ ಮಡಚುವ ಕೆಲಸವೂ ಸಿಕ್ಕಿತ್ತು. "ಎಲ್ಲಿದ್ರೂ ಹುಡುಕ್ಕೊಂಡು ಬಂದು ಮುಗಿಸ್ತೀನಿ" ಎಂದು ಅವನು ಬೀದಿಯವರೆಲ್ಲ ಕೇಳುವಂತೆ ಕೂಗಿ ಹೋಗಿದ್ದ.

ಅಕ್ಕ ತಂಗಿಯನ್ನು ಕರೆದುಕೊಂಡು ಠಾಣೆಗೆ ಹೋದಳು. ಮೇಜಿನ ಹಿಂದಿದ್ದ ಪೊಲೀಸಿನವನು ಟೀ ಲೋಟ ಕೆಳಗಿಡಲಿಲ್ಲ.

"ಏನಾದ್ರೂ ಮಾಡಿದ್ನಾ?"

"ಮಾಡ್ತೀನಿ ಅಂದಿದಾನೆ ಸಾರ್."

"ಅಂದವರನ್ನೆಲ್ಲ ಹಿಡೀತಾ ಹೋದ್ರೆ ಇಡೋಕೆ ಜಾಗ ಎಲ್ಲಿದೆಯಮ್ಮ? ಗಂಡ ಹೆಂಡ್ತಿ ವಿಷಯ, ತಾನೇ ಸರಿಹೋಗುತ್ತೆ. ಏನಾದ್ರೂ ಆದ್ಮೇಲೆ ಬನ್ನಿ."

"ಆದ್ಮೇಲೆ ಇವಳು ಬರೋಕಾಗಲ್ವಲ್ಲ ಸಾರ್."

ಅವನು ಟೀ ಮುಗಿಸಿದ.

ಎಲ್ಲೋ ದೂರದ ಊರಿನಲ್ಲಿ ಬಾಂಬು ಸಿಡಿದ ಮೇಲೆ ಅಂಗಡಿಯ ಬಾಗಿಲ ಪಕ್ಕ ಒಂದು ಕೆಂಪು ಗುಂಡಿ ಬಂದಿತ್ತು. ಒತ್ತಿದರೆ ಬಾಂಬಿದೆಯೆಂದು ನೇರ ಪೊಲೀಸರಿಗೆ ಕರೆ. ಮ್ಯಾನೇಜರು ಅದನ್ನು ತಾವೇ ಹೆತ್ತವರಂತೆ ಗಿರಾಕಿಗಳಿಗೆಲ್ಲ ತೋರಿಸುತ್ತಿದ್ದರು. ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ದಿಕ್ಕುದೆಸೆಯಿಲ್ಲದ ಚೀಲವೊಂದು ಕಂಡಿತು. ನಿಯಮದಂತೆ ಅಕ್ಕ ಗುಂಡಿ ಒತ್ತಿದಳು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಜೀಪುಗಳು, ನಾಯಿ, ದಪ್ಪ ಕವಚ ತೊಟ್ಟವರು. ಇಡೀ ರಸ್ತೆ ಬಂದ್. ಚೀಲದಲ್ಲಿದ್ದದ್ದು ಯಾರದೋ ಊಟದ ಡಬ್ಬಿ. ನಾಯಿಗೆ ಮಾತ್ರ ಸಂತೋಷವಾಯಿತು. ಆದರೂ ಯಾರೂ ಬೈಯಲಿಲ್ಲ.

"ಒಳ್ಳೆ ಕೆಲಸ ಮಾಡಿದ್ರಿ ಅಮ್ಮ. ಒಂದು ಜೀವವೂ ಹೋಗಬಾರದು, ಅದೇ ನಮ್ಮ ಗುರಿ" ಎಂದರು ಇನ್ಸ್‌ಪೆಕ್ಟರು. ಶಹಭಾಸ್‌ಗಿರಿ ತಮಗೇ ಸಂದಂತೆ ಮ್ಯಾನೇಜರು ಟೈ ಸರಿಮಾಡಿಕೊಂಡರು. ಅಕ್ಕ ಆ ಮಾತನ್ನು ಮನಸ್ಸಿನಲ್ಲಿ ಮಡಚಿಟ್ಟುಕೊಂಡಳು.

ಕೆಲವು ವಾರಗಳ ಮೇಲೆ, ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ಒಂದು ಸಂಜೆ, ಹೆಲ್ಮೆಟ್ ತೊಟ್ಟವನೊಬ್ಬ ಜನರ ನಡುವೆ ನುಗ್ಗಿದ.

"ತೆಗೀರಿ" ಎಂದಳು ಅಕ್ಕ. ಅವನು ತೆಗೆಯಲಿಲ್ಲ. ಲೋಹ ಪತ್ತೆಹಚ್ಚುವ ಬಾಗಿಲ ಯಂತ್ರ ಕುಂಯ್ ಎಂದಿತು. ಅವನ ಕೈಚೀಲ ಹಿಡಿದೆಳೆದಳು; ಪತ್ರಿಕೆಯಲ್ಲಿ ಸುತ್ತಿದ್ದ ಚಾಕು ನೆಲಕ್ಕೆ ಬಿತ್ತು.

"ಅಡ್ಡ ಬರಬೇಡಿ ಅತ್ತಿಗೆ, ಇದು ನಮ್ಮನೆ ವಿಷಯ!"

ಒಳಗೆ ತಂಗಿ ಕೈಯಲ್ಲೊಂದು ಪುಟ್ಟ ಅಂಗಿ ಹಿಡಿದು ಕಲ್ಲಾಗಿ ನಿಂತಿದ್ದಳು. ಅಕ್ಕ ಚಾಕುವಿನ ಮೇಲೆ ಕಾಲಿಟ್ಟಳು, ಗುಂಡಿಯ ಮೇಲೆ ಕೈಯಿಟ್ಟಳು. ಓಡಲು ತಿರುಗಿದವನನ್ನು ಗಂಟು ಮೂಟೆ ಹೊರುವ ಇಬ್ಬರು ಆಳುಗಳು ಅವುಚಿ ಹಿಡಿದರು.

ಮತ್ತೆ ಜೀಪು, ಮತ್ತೆ ನಾಯಿ, ಮತ್ತೆ ರಸ್ತೆ ಬಂದ್.

"ಬಾಂಬೆಲ್ಲಿ?" ಎಂದರು ಇನ್ಸ್‌ಪೆಕ್ಟರು.

"ಬಾಂಬಿಲ್ಲ ಸಾರ್. ಚಾಕು. ನನ್ನ ತಂಗಿಗೆ ಅಂತ ತಂದಿದ್ದು."

ಕವಚದವರು ಮುಖ ಮುಖ ನೋಡಿಕೊಂಡರು. ಆದರೆ ಊರೇ ನೆರೆದು ನೋಡುತ್ತಿರುವಾಗ, ಚಾಕು ಸಮೇತ ಸಿಕ್ಕವನನ್ನು ಬಿಟ್ಟು ಬರಿಗೈಲಿ ಹೋಗುವುದು ಹೇಗೆ? ಅವನನ್ನು ಜೀಪಿಗೆ ಹತ್ತಿಸಿದರು. ತಂಗಿಗೆ ಆಗ ಅಳು ಬಂತು.

ವ್ಯಾಪಾರ ಕೆಟ್ಟ ಸಂಕಟದಲ್ಲಿ ಬೆವರುತ್ತಿದ್ದ ಮ್ಯಾನೇಜರು ಎಲ್ಲರೆದುರೇ ಅಕ್ಕನ ಮೇಲೆ ಹರಿಹಾಯ್ದರು. "ಬಾಂಬಿಲ್ಲ ಅಂತ ಗೊತ್ತಿದ್ದೂ ಆ ಗುಂಡಿ ಯಾಕಮ್ಮ ಒತ್ತಿದೆ?"

ಅಕ್ಕ ಇನ್ಸ್‌ಪೆಕ್ಟರನ್ನೇ ನೋಡುತ್ತ ಚಾಕುವಿನ ಮೇಲಿನಿಂದ ಕಾಲು ತೆಗೆದಳು.

"ಚಾಕು ಅಂತ ಹೇಳಿದ್ರೆ ಇವರು ಹೆಣ ಎತ್ತೋಕಷ್ಟೇ ಬರ್ತಿದ್ರು ಸಾರ್."