ಮಾಸ್ತರ ಬೈಕಿಗೆ ನನ್ನ ಕಾರಿನ ಟಯರು

ಮೊನ್ನೆ ಹುಬ್ಬಳ್ಳಿಯ ಟಯರ್ ಅಂಗಡಿಯೊಂದರಲ್ಲಿ ಕೂತಿದ್ದೆ. ಕೆಲಸದವನು ಹೊಸ ಟಯರಿನ ಅಂಚಿಗೆ ಸಾಬೂನಿನ ನೊರೆ ಬಳಿದು ರಿಮ್ಮಿಗೆ ಕೂರಿಸುತ್ತಿದ್ದ. ಹೊಸ ರಬ್ಬರು ಮತ್ತು ಬಟ್ಟೆ ಸಾಬೂನು ಸೇರಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಯಲ್ಲಾಪುರದ ಪಂಕ್ಚರ್ ಅಂಗಡಿಯ ಮುಂದೆ ಬಕೆಟ್ ಹಿಡಿದು ನಿಂತಿದ್ದ ಅಕ್ಕ ಕಣ್ಣ ಮುಂದೆ ಬಂದರು... "ಯಾಕ್ರಿ, ಕಣ್ಣಾಗ ಏನರ ಬಿತ್ತೇನ್ರಿ?" ಎಂದು ಅಂಗಡಿಯವನು ಕೇಳಿದ. ಧೂಳು ಎಂದೆ. ಟಯರ್ ಅಂಗಡಿಯಲ್ಲಿ ಧೂಳಿಗೇನು ಬರ.

ತೊಂಬತ್ತರ ದಶಕದ ಕೊನೆಯ ಮಾತು. ನಾನು ಎಕ್ಕಂಬಿ ಕಡೆಯವನು, ಯಲ್ಲಾಪುರಕ್ಕೆ ಬಂದು ಹಳೆಯ ಅಂಬಾಸಿಡರ್ ಇಟ್ಟುಕೊಂಡು ಬಾಡಿಗೆಗೆ ಓಡಿಸುತ್ತಿದ್ದೆ. ನಾನಿದ್ದ ಖೋಲಿಯ ಪಕ್ಕದಲ್ಲೇ ಮಾಸ್ತರ ಮನೆ. ಹೆಗಡೆಕಟ್ಟಾ ಕಡೆಯ ಅವರು ಹೈಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಕ್ಕ ಘಟ್ಟದ ಕೆಳಗಿನವರು, ಅಂಕೋಲೆಯ ಹತ್ತಿರದ ಹಳ್ಳಿಯವರು. ಮಾಸ್ತರು ಎಲ್ಲರೊಡನೆ ಪುಸ್ತಕದ ಕನ್ನಡ ಮಾತಾಡುತ್ತಿದ್ದರು, ಸಿಟ್ಟು ಬಂದರೆ ಮಾತ್ರ ಮನೆಮಾತು ಹೊರಬರುತ್ತಿತ್ತು. ಅವರ ಮನೆಮಾತು ನನಗೆ ಚೆನ್ನಾಗಿ ಬರುತ್ತಿತ್ತೆಂದರೆ, ಅವರಿಗೆ ಎಷ್ಟು ಸಿಟ್ಟು ಬರುತ್ತಿತ್ತು ಎಂದು ನೀವೇ ಲೆಕ್ಕ ಹಾಕಿ.

ಅಕ್ಕನಿಗೆ ಒಂದು ಕಾಟವಿತ್ತು. ಘಟ್ಟದ ರಸ್ತೆಯಲ್ಲಿ ಬಸ್ಸು ಹತ್ತಿದರೆ ವಾಂತಿ. ಎಲ್ಲರಿಗೂ ಆಗುವಂಥ ವಾಂತಿಯಲ್ಲ, ಇಳಿದ ಮೇಲೂ ಎರಡು ದಿನ ಹಾಸಿಗೆ ಬಿಟ್ಟೇಳಲಾಗದಂಥದ್ದು. ಮದುವೆಯಾಗಿ ಘಟ್ಟ ಹತ್ತಿ ಬಂದಾಗ ಹೊಸಿಲ ಮೇಲಿನ ಸೇರು ಒದೆಯುವುದಕ್ಕೂ ಕಾಲಲ್ಲಿ ತ್ರಾಣ ಇರಲಿಲ್ಲವಂತೆ. ಲಿಂಬೆಹಣ್ಣು ಮೂಸಿದರು, ಶುಂಠಿ ಜಗಿದರು, ಯಾರೋ ಹೇಳಿದರೆಂದು ಹೊಟ್ಟೆಗೆ ಪೇಪರು ಕಟ್ಟಿಕೊಂಡೂ ನೋಡಿದರು. ಒಮ್ಮೆ ನನ್ನ ಅಂಬಾಸಿಡರಿನಲ್ಲೇ ಹೊರಟರು. ಜಂಬದಿಂದ ಕರೆದೊಯ್ದೆ. ಅರಬೈಲ್ ಘಟ್ಟದ ಮೂರನೆಯ ತಿರುವಿನಲ್ಲಿ ನನ್ನ ಜಂಬ ಇಳಿಯಿತು, ಗಾಡಿಯನ್ನು ತಿರುಗಿಸಿಕೊಂಡು ಬಂದೆ.

ಇಷ್ಟೇ ಆಗಿದ್ದರೆ ತಾಯಿಯೇ ಮೇಲೆ ಬಂದು ಮಗಳನ್ನು ನೋಡಿ ಹೋಗಬಹುದಿತ್ತು. ಆದರೆ ಆ ತಾಯಿಗೂ ಇದೇ ಕಾಯಿಲೆ. ನೂಲಿನಂತೆ ಸೀರೆ, ತಾಯಿಯಂತೆ ಮಗಳು. ಹೀಗಾಗಿ ಒಂದು ಘಟ್ಟದ ಮೇಲೆ ಮಗಳು, ಕೆಳಗೆ ತಾಯಿ. ನಡುವೆ ಎರಡು ತಾಸಿನ ದಾರಿ, ಆದರೂ ವರ್ಷಗಟ್ಟಲೆ ಮುಖ ನೋಡಿರಲಿಲ್ಲ. ಊರವರಿಗೆ ಇದು ತಮಾಷೆ. ಅಕ್ಕ ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತ ಅಮ್ಮನ ನೆನಪು ತೆಗೆದಾಗಿನ ದನಿ ಕೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಮುಖಕ್ಕೆ ಗಾಳಿ ಬಡಿಯುತ್ತಿದ್ದರೆ ವಾಂತಿ ಬರುವುದಿಲ್ಲ ಎಂಬುದು ಗೊತ್ತಾದದ್ದು ಒಬ್ಬರ ಬೈಕಿನ ಮೇಲೆ ಕೂತಾಗ. ಆದರೆ ಆ ಅಂಗೈಯಗಲದ ಸೀಟು ಅಕ್ಕನ ಬೆನ್ನಿಗೆ ಆಗಲಿಲ್ಲ. ಬೆನ್ನುಮೂಳೆ ಸವೆದಿದೆ, ಒರಗಿ ಕೂರಬೇಕು, ಬಗ್ಗಬಾರದು, ಹೊರಳಬಾರದು ಎಂದು ಡಾಕ್ಟರು ಹೇಳಿದ್ದರು. ಆಗ ಮಾಸ್ತರು ಯಾರಿಗೂ ಹೇಳದೆ ಗೋವೆಗೆ ಹೋಗಿ ಕಸ್ಟಮ್ಸ್ ಹರಾಜಿನಲ್ಲಿ ಬಂದ ಜಪಾನಿನ ಟೂರಿಂಗ್ ಬೈಕೊಂದನ್ನು ತಂದುಬಿಟ್ಟರು. ಬೈಕೆಂದರೆ ಬೈಕೇ ಅದು? ಕೋಣ. ಎರಡೂ ಬದಿಗೆ ಪೆಟ್ಟಿಗೆ, ಹಿಂದೆ ಕುಳಿತವರಿಗೆ ಒರಗುವ ದಿಂಬು, ಕೈಯಿಡಲು ಹಿಡಿಕೆ. ಅಕ್ಕ ಚೂಡಿದಾರ ಹೊಲಿಸಿಕೊಂಡು ಎರಡೂ ಕಡೆ ಕಾಲು ಹಾಕಿ ಕೂತು ಘಟ್ಟ ಇಳಿದರು. ಒಂದು ಹನಿ ವಾಂತಿಯಿಲ್ಲ! ಮಾಸ್ತರ ಹೆಂಡತಿ ಈ ವಯಸ್ಸಿನಲ್ಲಿ ಚೂಡಿದಾರ ಹಾಕಿದ್ದು ಕೆಲವರಿಗೆ ಘಟ್ಟಕ್ಕಿಂತ ದೊಡ್ಡ ಸಂಗತಿಯಾಯಿತು. ಆಡುವವರ ಬಾಯಿಗೆ ಬೀಗ ಹಾಕಲಿಕ್ಕಾಗುತ್ತದೆಯೇ.

ಎರಡು ವರ್ಷ ಹೀಗೇ ಹೋಗಿ ಬಂದರು. ಆಮೇಲೆ ಹಿಂದಿನ ಟಯರು ಸವೆದು ಒಳಗಿನ ನೂಲು ಕಾಣತೊಡಗಿತು. ಆ ಅಳತೆಯ ಬೈಕ್ ಟಯರು ನಮ್ಮ ದೇಶದಲ್ಲೇ ಇರಲಿಲ್ಲ. ಮಾಸ್ತರು ಗೋವೆಯಲ್ಲಿ ಕೇಳಿದರು, ಮುಂಬಯಿಗೆ ಫೋನು ಮಾಡಿಸಿದರು. ಎಲ್ಲ ಕಡೆಯೂ ಒಂದೇ ಉತ್ತರ. ಬೈಕು ಗೋಣಿಚೀಲ ಹೊದ್ದು ಕೊಟ್ಟಿಗೆ ಸೇರಿತು. ಅಕ್ಕನ ಅಮ್ಮನಿಗೆ ಆಗಲೇ ಕಣ್ಣು ಮಂಜಾಗುತ್ತಿತ್ತು. ಪೂರ್ತಿ ಕಾಣದಾಗುವುದರೊಳಗೆ ಮಗಳನ್ನು ಇನ್ನೆಷ್ಟು ಸಲ ನೋಡುತ್ತಾರೋ ಎಂಬುದು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡದ ಪ್ರಶ್ನೆಯಾಗಿತ್ತು.

ಒಂದು ಬೆಳಿಗ್ಗೆ ನಾನು ಗಾಡಿ ತೊಳೆಯುತ್ತಿದ್ದಾಗ ಮಾಸ್ತರು ಬಂದು ನನ್ನ ಸ್ಟೆಪ್ನಿಯ ಮೇಲಿನ ಅಕ್ಷರಗಳನ್ನು ಓದಿದರು. ಹದಿನೈದು ಇಂಚು. ಅವರ ಬೈಕಿನ ಹಿಂದಿನ ಗಾಲಿಯೂ ಹದಿನೈದೇ. ಅವರ ಮುಖ ನೋಡಿದರೆ ಯಾವುದೋ ಹೊಸ ಶಾಸನ ಸಿಕ್ಕಿದಂತಿತ್ತು.

ಬೈಕಿನ ಟಯರು ದುಂಡಗಿರುತ್ತದೆ, ಅದಕ್ಕೇ ತಿರುವಿನಲ್ಲಿ ಬೈಕು ವಾಲುತ್ತದೆ. ಕಾರಿನದು ಚಪ್ಪಟೆ, ವಾಲಲು ಒಪ್ಪುವುದಿಲ್ಲ. ಇಷ್ಟು ನನಗೂ ಗೊತ್ತಿತ್ತು, ಟ್ಯಾಕ್ಸಿ ಸ್ಟ್ಯಾಂಡಿನ ಚಾಲಕರೆಲ್ಲರಿಗೂ ಗೊತ್ತಿತ್ತು. ಆದರೂ ಬೈಕು ತಳ್ಳಿಕೊಂಡು ಪಂಕ್ಚರ್ ಅಂಗಡಿಗೆ ಹೋದೆವು, ಅಲ್ಲಿನ ಚಾಚಾ ಕೈ ಮುಗಿದರು. "ಮಾಸ್ತರ, ಅರಬೈಲ್‌ದಾಗ ಹೆಣ ಬೀಳ್ತಾವ್ರಿ. ನನ್ನ ಕೈಲೆ ಈ ಪಾಪ ಮಾಡಿಸಬ್ಯಾಡ್ರಿ" ಎಂದರು. ನನಗೆ ಚೆನ್ನಾಗಿ ನೆನಪಿದೆ, ಮಾಸ್ತರು ಹಿಂಜರಿದರು. ಆಗ ಹಿಂದೆ ನಿಂತಿದ್ದ ಅಕ್ಕ, "ಬಿದ್ರೆ ಇಬ್ರೂ ಒಟ್ಟಿಗೇ ಬೀಳ್ವ. ನಾ ಹೋಗ್ತೆ" ಎಂದರು. ಗಟ್ಟಿಯಾಗಿ ಹೇಳಲಿಲ್ಲ. ಸಂತೆಯಲ್ಲಿ ಈ ಬದನೆಕಾಯಿ ಸಾಕು ಎಂದಷ್ಟೇ ಸಹಜವಾಗಿ ಹೇಳಿದರು.

ಚಾಚಾ ತಲೆ ತುರಿಸಿಕೊಂಡರು. ನಮಾಜಿಗೆ ಹೊತ್ತಾಯಿತು, ಹೋಗಿ ಬರುತ್ತೇನೆ, ನಾನಿಲ್ಲದಾಗ ಅಂಗಡಿಯಲ್ಲಿ ಯಾರು ಏನು ಮಾಡಿದರೂ ನನಗೆ ಸಂಬಂಧವಿಲ್ಲ ಎಂದು ಸಾರಿ ಹೊರಟೇಬಿಟ್ಟರು. ಹೋಗುವ ಮುನ್ನ ಗಾಳಿಯ ಮಶಿನನ್ನು ಚಾಲು ಮಾಡಿಟ್ಟಿದ್ದರು, ಟಯರು ಬಿಚ್ಚುವ ಕಬ್ಬಿಣದ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ್ದರು. ಅಷ್ಟು ಸಂಬಂಧವಿಲ್ಲದ ಮನುಷ್ಯನನ್ನು ನಾನು ಕಂಡಿಲ್ಲ.

ಒಮ್ಮೆಯೂ ನೆಲ ಕಾಣದಿದ್ದ ನನ್ನ ಸ್ಟೆಪ್ನಿ ಟಯರನ್ನು ಬಿಚ್ಚಿದೆವು. ಬೈಕಿನ ರಿಮ್ಮಿಗೆ ಅದನ್ನು ಹತ್ತಿಸುವುದರಲ್ಲಿ ನನ್ನ ಅಂಗೈ ಸುಲಿಯಿತು. ಒಂದು ಬದಿ ಕೂತರೆ ಇನ್ನೊಂದು ಏಳುತ್ತಿತ್ತು. ಗಾಳಿ ತುಂಬಿದರೂ ಅಂಚು ರಿಮ್ಮಿಗೆ ಕಚ್ಚಿಕೊಳ್ಳದೆ ಸೊಟ್ಟಗೆ ನಿಂತಿತು. ಅಕ್ಕ ಮನೆಗೆ ಹೋಗಿ ಬಟ್ಟೆ ಸಾಬೂನು ಕದಡಿದ ನೊರೆಯನ್ನು ಬಕೆಟ್ ತುಂಬ ತಂದು ತಾವೇ ಸುತ್ತಲೂ ಸುರಿದರು. ಮತ್ತೆ ಗಾಳಿ ಬಿಟ್ಟೆವು. ಢಬ್ ಎಂದಿತು! ಎದುರಿನ ಚಹಾ ಅಂಗಡಿಯಲ್ಲಿದ್ದವರು ಎದ್ದು ಓಡಿದರು. ಟಯರು ಒಡೆದಿರಲಿಲ್ಲ, ಕೂತಿತ್ತು. ಮಡ್‌ಗಾರ್ಡಿನ ಒಂದು ಪಟ್ಟಿ ತಾಗುತ್ತಿತ್ತು, ಅದನ್ನು ಅರ ಹಾಕಿ ಉಜ್ಜಿ ಗಾಲಿ ಸಲೀಸಾಗಿ ತಿರುಗುವಂತೆ ಮಾಡಿದೆವು. ಚಾಚಾ ವಾಪಸು ಬಂದವರು ಸುತ್ತಲೂ ತಟ್ಟಿ ನೋಡಿ, ಗಾಳಿಯನ್ನು ಸ್ವಲ್ಪ ಇಳಿಸಿ, ನಾನೇನೂ ನೋಡಿಲ್ಲ ಎಂದರು.

ಆವತ್ತಿನಿಂದ ಎಷ್ಟೋ ವರ್ಷ ಆ ಟಯರು, ಅದು ಸವೆದ ಮೇಲೆ ಅಂಥದ್ದೇ ಇನ್ನೊಂದು, ಅರಬೈಲ್ ಇಳಿದು ಹತ್ತಿತು. ಊರಿನಲ್ಲಿ ಮಾಸ್ತರು ಒಬ್ಬರೇ ನಿಧಾನಕ್ಕೆ ಓಡಿಸುತ್ತಿದ್ದರು. ಘಟ್ಟಕ್ಕೆ ಮಾತ್ರ ಅಕ್ಕ ಇಲ್ಲದೆ ಹೋದವರಲ್ಲ, ಅಕ್ಕನಿಗಾಗಿಯೇ ಇದ್ದ ಪ್ರಯಾಣ ಅದು. ತಿರುವಿನಲ್ಲಿ ಹೇಗೆ ಎಂದು ಯಾರಾದರೂ ಕೇಳಿದರೆ ಮೂಗಿನ ತುದಿಗೆ ಸಿಟ್ಟು. "ಎಂತೂ ಆಗ್ತಿಲ್ಲೆ ಮಾರಾಯಾ, ತಂತಾನೇ ತಿರುಗ್ತು!" ಎನ್ನುತ್ತಿದ್ದರು. ಮೊಂಡ ರಾಜನಿಗಿಂತ ಬಲವಂತ ಎಂದು ಸ್ಟ್ಯಾಂಡಿನಲ್ಲಿ ನಾವು ನಗುತ್ತಿದ್ದೆವು. ಪ್ರತಿ ತಿಂಗಳೂ ಅವರು ಹೊರಟಾಗ ಕೈಯಾಡಿಸುವವರಿದ್ದರು, ಇದೇ ಕೊನೆಯ ಸಲ ಎಂಬಂತೆ. ಪ್ರತಿ ಸಲವೂ ಅವರು ತಿರುಗಿ ಬರುತ್ತಿದ್ದರು, ಅಕ್ಕನ ಮಡಿಲಲ್ಲಿ ಅಮ್ಮ ಕೊಟ್ಟ ಅಬ್ಬಲಿಗೆ ಹೂವೋ ಒಣಗಿಸಿದ ಪುನರ್ಪುಳಿಯೋ ಇರುತ್ತಿತ್ತು.

ಮಾಸ್ತರು ಸತ್ತದ್ದು ಶಾಲೆಯಲ್ಲಿ. ಪಾಠ ಮುಗಿಸಿ ಬಂದು ಕುರ್ಚಿಯಲ್ಲಿ ಕೂತಿದ್ದಾರೆ, ಕೂತಲ್ಲೇ ಹೃದಯ ನಿಂತಿದೆ. ಬೈಕು ಆವತ್ತು ಮನೆಯಲ್ಲೇ ಇತ್ತು. ಆದರೂ ಈಗ ಯಲ್ಲಾಪುರದಲ್ಲಿ ಕೇಳಿ ನೋಡಿ, ಕಾರಿನ ಟಯರು ಹಾಕಿಕೊಂಡು ಘಟ್ಟದಲ್ಲಿ ಸತ್ತರಲ್ಲ ಆ ಮಾಸ್ತರು ಎನ್ನುತ್ತಾರೆ. ಸುಳ್ಳು, ಹಸಿ ಸುಳ್ಳು. ಅವರನ್ನು ಕುರ್ಚಿಯಿಂದ ಎತ್ತಿ ಮಲಗಿಸಿದವರಲ್ಲಿ ನಾನೂ ಒಬ್ಬ. ಬೈಕಿಗೆ ಕಾರಿನ ಟಯರು ಹಾಕಿ ಎಂದು ನಾನು ಯಾರಿಗೂ ಹೇಳುವುದಿಲ್ಲ. ಆದರೆ ಊರು ತಾನು ನುಡಿದ ಭವಿಷ್ಯ ನಿಜವಾಗಲೆಂದು ಸತ್ತವರನ್ನು ಇನ್ನೊಮ್ಮೆ ಘಟ್ಟಕ್ಕೆ ಒಯ್ದು ಕೊಲ್ಲುವುದನ್ನು ನಾನು ಒಪ್ಪುವವನಲ್ಲ.

ಹದಿಮೂರನೆಯ ದಿನ ಕಳೆದು ಸ್ವಲ್ಪ ಸಮಯಕ್ಕೆ ಕೆಳಗಿನಿಂದ ಸುದ್ದಿ ಬಂತು. ಅಕ್ಕನ ಅಮ್ಮ ಅನ್ನ ಬಿಟ್ಟಿದ್ದಾರೆ, ಮಗಳನ್ನು ಕರೆಯುತ್ತಿದ್ದಾರೆ. ಗಂಡ ಹೋಗಿ ವರ್ಷ ತುಂಬುವ ತನಕ ಹೊಸಿಲು ದಾಟಬಾರದು ಎಂದು ಮನೆಯ ಹಿರಿಯರು ಅಡ್ಡ ನಿಂತರು. ಮಾರನೆಯ ದಿನ ಬೆಳಿಗ್ಗೆ ಅಕ್ಕ ಅದೇ ಚೂಡಿದಾರ ಹಾಕಿಕೊಂಡು ನಡೆದೇ ಟ್ಯಾಕ್ಸಿ ಸ್ಟ್ಯಾಂಡಿಗೆ ಬಂದರು. ಅಷ್ಟೂ ಜನರ ಎದುರಿಗೆ ನನ್ನನ್ನು ಕೇಳಿದರು, "ನಿಂಗೆ ಆ ಬೈಕು ಹೊಡೂಕೆ ಬತ್ತದಲ್ಲ?"

ಊರೊಳಗೆ ನಾಲ್ಕಾರು ಸಲ ಓಡಿಸಿದ್ದೆ. "ಬರ್ತದ ಅಕ್ಕಾರ... ಆದ್ರ ನನ್ನ ಹಿಂದ ಕುಂತು ಹೊಂಟ್ರ ಮಂದಿ ಏನಂತಾರ?" ಎಂದೆ.

"ವಾಂತಿ ಆಗೂದು ನಂಗೆ, ಮಂದಿಗಲ್ಲ" ಎಂದರು ಅಕ್ಕ.

ಹೊರಟೆವು. ಹೆದರಿ ಹೆದರಿ ಘಟ್ಟಕ್ಕೆ ಇಳಿಸಿದೆ. ಅದಿರಿನ ಲಾರಿಗಳು ಸಾಲುಗಟ್ಟಿ ಏರಿ ಬರುತ್ತಿದ್ದವು. "ಒಳಬದಿ ಹ್ಯಾಂಡಲು ಒತ್ತು, ತಿರುವು ಮುಗಿಯೂ ತಂಕ ಬಿಡಬೇಡ" ಎಂದಷ್ಟೇ ಹಿಂದಿನಿಂದ ಹೇಳಿದರು. ಒತ್ತಿದೆ. ಬೈಕು ಸ್ವಲ್ಪ ಗೊಣಗಿ ತಿರುಗಿತು. ಇನ್ನೊಂದು ತಿರುವು, ಮತ್ತೊಂದು... ಮಾಸ್ತರು ಹೇಳಿದ್ದು ನಿಜ, ತಂತಾನೇ ತಿರುಗುತ್ತದಲ್ಲ ಎಂದು ನನಗೆ ಧೈರ್ಯ ಬಂತು. ತಿರುವು ಬಂದಾಗಲೆಲ್ಲ ಹಿಂದಿನಿಂದ ಸಣ್ಣ ನರಳಿಕೆ ಕೇಳುತ್ತಿತ್ತು. ಗಂಡನ ನೆನಪಾಗಿ ಅಳುತ್ತಿದ್ದಾರೆ ಎಂದುಕೊಂಡು ನಾನು ತಿರುಗಿ ನೋಡಲಿಲ್ಲ.

ತಾಯಿ ಜೀವಂತ ಇದ್ದರು. ಮಂಜುಗಣ್ಣಿನಿಂದ ಮಗಳನ್ನು ಹುಡುಕಿ ಮುಖ ತಡವಿದರು. ಅಕ್ಕ ಅಲ್ಲೇ ಉಳಿದರು, ನಾನು ಬೈಕನ್ನು ತಿರುಗಿಸಿಕೊಂಡು ಒಬ್ಬನೇ ಹೊರಟೆ.

ಘಟ್ಟದ ಮೊದಲ ದೊಡ್ಡ ತಿರುವಿನಲ್ಲಿ ಹ್ಯಾಂಡಲು ಒತ್ತಿದೆ. ಬೈಕು ತಿರುಗಲಿಲ್ಲ. ಇನ್ನೂ ಒತ್ತಿದೆ, ಭುಜವೆಲ್ಲ ಹಾಕಿ ಒತ್ತಿದೆ. ಅದು ಸೆಟೆದು ನೆಟ್ಟಗೆ ಎದುರಿನ ಲಾರಿಯ ಕಡೆಗೇ ಹೊರಟಿತು. ಲಾರಿಯವನು ಪುಣ್ಯಾತ್ಮ, ಬದಿಗೆ ಎಳೆದುಕೊಂಡ. ನಾನು ರಸ್ತೆಯಂಚಿನ ಕಲ್ಲಿಗೆ ತಾಗಿಸಿ ನಿಲ್ಲಿಸಿದೆ. ಇಳಿದು ಟಯರನ್ನು ಒತ್ತಿ ನೋಡಿದೆ, ಗಾಳಿ ಸರಿಯಾಗಿಯೇ ಇತ್ತು. ಆಮೇಲೆ ಹಿಂದಿನ ಖಾಲಿ ಸೀಟು ನೋಡಿದೆ. ಆ ನರಳಿಕೆ ಅಳುವಾಗಿರಲಿಲ್ಲ. ಪ್ರತಿ ತಿರುವಿನಲ್ಲೂ ಅಕ್ಕ ಆ ಸವೆದ ಬೆನ್ನನ್ನು ಬಗ್ಗಿಸಿ, ಮೈಯ ಭಾರವನ್ನೆಲ್ಲ ಒಳಬದಿಗೆ ಚೆಲ್ಲಿ, ವಾಲದ ಬೈಕನ್ನು ವಾಲಿಸುತ್ತಿದ್ದರು. ಅಷ್ಟೂ ವರ್ಷ ವಾಲಿಸಿದ್ದರು.

ಮುಂದೆ ಒಮ್ಮೆ ಕೆಳಗೆ ಹೋದಾಗ ಕೇಳಿದೆ. ಮಾಸ್ತರಿಗೆ ಇದು ಗೊತ್ತಿತ್ತೇ?

"ಗೊತ್ತಿದ್ರೆ ಕೂರ್ಸ್ಕಂತಿದ್ರಾ?" ಎಂದರು ಅಕ್ಕ. "ಬೆನ್ನು ನೋಯ್ತದೆ, ಅಮ್ಮನ ಮನೆ ಬೇಡ ಅಂತಿದ್ರು." ಅಷ್ಟು ಹೇಳಿ ಚಹಾ ತರಲು ಒಳಗೆ ಹೋದರು.

ಅಕ್ಕ ಮತ್ತೆ ಘಟ್ಟ ಹತ್ತಲಿಲ್ಲ. ಅಮ್ಮನನ್ನು ಕಳಿಸಿಕೊಟ್ಟು, ಅಣ್ಣನ ಮಕ್ಕಳ ನಡುವೆ ಬದುಕಿ, ಹೋದ ವರ್ಷ ತಾವೂ ಹೋದರು. ಮಣ್ಣಿಗೆ ಹೋಗಿದ್ದೆ. ವಾಪಸು ಬರುವಾಗ ಕಾರು ನಾನೇ ಓಡಿಸುತ್ತಿದ್ದೆ, ಹಿಂದೆ ಮೊಮ್ಮಕ್ಕಳಿದ್ದರು. ಅರಬೈಲ್ ಘಟ್ಟದ ತಿರುವು ಬಂದಾಗಲೆಲ್ಲ ನನ್ನ ಮೈ ಒಳಬದಿಗೆ ವಾಲುತ್ತಿತ್ತು. ಅಜ್ಜ, ಇದು ಬೈಕಲ್ಲ, ನೀನು ವಾಲಿದರೂ ವಾಲದಿದ್ದರೂ ಕಾರು ತಿರುಗುತ್ತದೆ ಎಂದು ಮಕ್ಕಳು ನಗುತ್ತಿದ್ದರು.

ನಗಲಿ. ನಾನು ಮೇಲಿನವರೆಗೂ ವಾಲುತ್ತಲೇ ಬಂದೆ.