ಬಂಗಾರಿಯ ಕ್ಯಾಸೆಟ್ಟು

ಇಂಜೆಕ್ಷನ್ ಚುಚ್ಚುವ ಮುಂಚೆ ನರ್ಸಮ್ಮ ತೋಳಿಗೆ ಹತ್ತಿಯಲ್ಲಿ ಸ್ಪಿರಿಟ್ಟು ಒರೆಸುತ್ತಾರಲ್ಲ, ಆ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಆಸ್ಪತ್ರೆ ನೆನಪಾಗುತ್ತದೆ, ನನಗೆ ದನದ ಕೊಟ್ಟಿಗೆ. ನಗಬೇಡಿ. ಎಂಬತ್ತರ ದಶಕದಲ್ಲಿ ನಾನು ಬೆಳೆದ ಮನೆಯಲ್ಲಿ ಪ್ರತಿ ಭಾನುವಾರ ಬೆಳಿಗ್ಗೆ ಚಿಕ್ಕಪ್ಪ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆಂಕಿಕಡ್ಡಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ, ಟೇಪ್ ರೆಕಾರ್ಡರಿನಲ್ಲಿ ಟೇಪು ತಾಗಿಕೊಂಡು ಓಡುವ ಹೆಡ್ಡನ್ನು ಎಳೆ ಮಗುವಿನ ಕಿವಿ ಒರೆಸುವಷ್ಟು ನಾಜೂಕಾಗಿ ಒರೆಸುತ್ತಿದ್ದ. ಸಗಣಿ, ಹಸಿ ಹುಲ್ಲು, ಆಗಷ್ಟೇ ಕರೆದ ಹಾಲು, ಅದರ ಮೇಲೆ ಈ ಸ್ಪಿರಿಟ್ಟು. ಇಷ್ಟೂ ಸೇರಿದರೆ ನನ್ನ ಬಾಲ್ಯದ ವಾಸನೆ. ಕೊಟ್ಟಿಗೆಯಲ್ಲಿ ಟೇಪ್ ರೆಕಾರ್ಡರ್ ಯಾಕಿತ್ತು ಎಂದು ನೀವು ಕೇಳುತ್ತೀರಿ, ಎಲ್ಲರೂ ಕೇಳುತ್ತಾರೆ. ಅದನ್ನು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಬಂಗಾರಪೇಟೆಯಿಂದ ಚಿನ್ನದ ಗಣಿಗೆ ಹೋಗುವ ರೈಲು ಹಳಿಯ ಪಕ್ಕದ ಊರು ನಮ್ಮದು. ಅಪ್ಪ ಅಮ್ಮ ಕೆಲಸದ ಮೇಲೆ ದೂರದ ಊರುಗಳಲ್ಲಿ ತಿರುಗುತ್ತಿದ್ದುದರಿಂದ ನನ್ನನ್ನು ಓದಿಗೆಂದು ಅಜ್ಜಿಯ ಮನೆಯಲ್ಲಿ ಬಿಟ್ಟಿದ್ದರು. ಅಲ್ಲಿ ಅಜ್ಜಿ, ಅವಳ ಕಿರಿಯ ಮಗನಾದ ನನ್ನ ಚಿಕ್ಕಪ್ಪ, ಅವನ ಹೆಂಡತಿ ರತ್ನ ಚಿಕ್ಕಮ್ಮ, ಮತ್ತು ಬಂಗಾರಿ ಎಂಬ ಹಸು. ಚಿಕ್ಕಪ್ಪ ಊರಿಗಾಂನಲ್ಲಿ ಗಣಿ ಕಂಪೆನಿಯ ವರ್ಕ್‌ಶಾಪಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ, ಊರವರ ಬಾಯಲ್ಲಿ ಕರೆಂಟ್ ಮೇಷ್ಟ್ರು. ಬೆಳಗಿನ ರೈಲಿಗೆ ಹೋಗಿ ಸಂಜೆಯ ರೈಲಿಗೆ ಬರುತ್ತಿದ್ದ. "ಚಿನ್ನದ ಗಣೀಗ್ ಓಗಿ ಇವ್ನು ಸಂಪಾದಿಸಿದ್ ಬಂಗಾರ ಇದೊಂದೇ ಕಣಮ್ಮಾ" ಎಂದು ಅಜ್ಜಿ ಹಸುವಿನ ಬೆನ್ನು ತಟ್ಟಿ ಹೇಳುತ್ತಿದ್ದಳು. ಮಗನನ್ನು ಹೊಗಳಿದಳೋ ತೆಗಳಿದಳೋ ಯಾರಿಗೂ ತಿಳಿಯುತ್ತಿರಲಿಲ್ಲ. ಚಿಕ್ಕಪ್ಪ ಮಾತ್ರ ನಕ್ಕು ಸೈಕಲ್ ಹತ್ತುತ್ತಿದ್ದ.

ಬಂಗಾರಿ ಮಹಾ ಜಂಬದ ಹಸು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಪದ ಹೇಳದೆ ಒಂದು ತೊಟ್ಟು ಹಾಲು ಇಳಿಸುತ್ತಿರಲಿಲ್ಲ. ಮದುವೆಯಾಗಿ ಬಂದ ಹೊಸದರಲ್ಲಿ ಚಿಕ್ಕಮ್ಮ ತವರಿನ ನೆನಪಿಗೆ ಗುನುಗುತ್ತಾ ಹಾಲು ಕರೆದಿದ್ದಳಂತೆ, ಅವತ್ತಿನಿಂದ ಅದಕ್ಕೆ ಅದೇ ಅಭ್ಯಾಸವಾಗಿಬಿಟ್ಟಿತ್ತು. "ಇಳಿಯೇ ತಾಯಿ ಇಳಿಯೇ, ಕರುವಿಗಷ್ಟು ಉಳಿಸಿ ನಮಗಿಷ್ಟು ಇಳಿಯೇ" ಎಂದು ಶುರುವಾಗುವ ಪದ. ಅವಳ ದನಿ ತೆಳುವಲ್ಲ, ಗಂಡುದನಿಯೆಂದು ಕೆಲವರು ಆಡಿಕೊಳ್ಳುವಷ್ಟು ದಪ್ಪ. ಹುರಿದ ರಾಗಿಯ ಬಣ್ಣ ಇದ್ದಂತೆ ಎಂದು ನನಗೆ ಅನ್ನಿಸುತ್ತಿತ್ತು. ನಾನು ಏಳುತ್ತಿದ್ದುದು ಆ ದನಿಗೆ. ಕಂಬಳಿಯೊಳಗೆ ಮುದುಡಿಕೊಂಡೇ, ಪದ ಯಾವ ಸಾಲಿಗೆ ಬಂದಿದೆ ಎಂದು ಕೇಳಿ, ಹಾಲು ತಂಬಿಗೆಯಲ್ಲಿ ಎಷ್ಟು ತುಂಬಿದೆ ಎಂದು ಲೆಕ್ಕ ಹಾಕುತ್ತಿದ್ದೆ. ಚಿಕ್ಕಪ್ಪ ರೈಲಿಗೆ ಹೊರಡುವ ಅವಸರದಲ್ಲಿದ್ದರೂ ಕೊಟ್ಟಿಗೆಯ ಬಾಗಿಲಿಗೆ ಒರಗಿ ಪದ ಮುಗಿಯುವ ತನಕ ಕಾಫಿ ಕುಡಿಯುತ್ತಿದ್ದ. ಅವನ ಲೋಟ ಖಾಲಿಯಾಗಿ ಬಹಳ ಹೊತ್ತಾಗಿರುತ್ತಿತ್ತು ಎಂಬುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಚಿಕ್ಕಮ್ಮನ ಗಂಟಲಲ್ಲಿ ಗಂಟೊಂದು ಕಾಣಿಸಿಕೊಂಡಿತು. ಬೆಂಗಳೂರಿನ ಡಾಕ್ಟರು ಆಪರೇಷನ್ ಆಗಲೇಬೇಕು, ಜೀವ ಉಳಿಯುತ್ತದೆ, ಆದರೆ ಗಂಟಿನ ಜೊತೆ ದನಿಯೂ ಹೋಗುತ್ತದೆ ಎಂದರು. ಮನೆಯಲ್ಲಿ ಯಾರೂ ಜೋರಾಗಿ ಅಳಲಿಲ್ಲ. ಚಿಕ್ಕಪ್ಪ ಮಾತ್ರ ಟೇಪ್ ರೆಕಾರ್ಡರನ್ನು ಅಟ್ಟದಿಂದ ಇಳಿಸಿ ಧೂಳು ಹೊಡೆದ. ಆಸ್ಪತ್ರೆಗೆ ಹೊರಡುವ ದಿನ ಬೆಳಕು ಹರಿಯುವ ಹೊತ್ತಿಗೆ, ಅವಳು ಹಾಲು ಕರೆಯುವಾಗಲೇ ಪದಗಳನ್ನೆಲ್ಲ ಹಿಡಿದಿಡುವುದೆಂದು ತೀರ್ಮಾನಿಸಿದ್ದ. ಸರಿಯಾಗಿ ಆ ಹೊತ್ತಿಗೇ ಕರೆಂಟು ಹೋಯಿತು. ಬಂಗಾರಪೇಟೆಗೆ ಹೋಗಿ ಹೊಸ ಶೆಲ್ಲು ತರಲು ಸಮಯವಿರಲಿಲ್ಲ. ಮನೆಯಲ್ಲಿ ಇದ್ದವು ಟಾರ್ಚಿನ ಹಳೆಯ ಶೆಲ್ಲುಗಳು. ನಿಮ್ಮ ಮನೆಯಲ್ಲೂ ಮಾಡಿರುತ್ತೀರಿ, ಸತ್ತ ಶೆಲ್ಲನ್ನು ಬಿಸಿಲಿಗಿಟ್ಟರೆ ಒಂದಿಷ್ಟು ಜೀವ ಬರುತ್ತದೆಂದು ಅಜ್ಜಿ ಅವನ್ನು ಹಪ್ಪಳದ ಜೊತೆ ಹೆಂಚಿನ ಮೇಲೆ ಒಣಗಿಸಿಟ್ಟಿದ್ದಳು. ಚಿಕ್ಕಪ್ಪ ಅವನ್ನೇ ಹಾಕಿದ, ಮೈಕನ್ನು ಬಟ್ಟೆಯಲ್ಲಿ ಸುತ್ತಿ ತೊಲೆಯಿಂದ ಇಳಿಬಿಟ್ಟ. "ಅಸೂಗ್ ಏಳೋ ಪದಾನ ಟೇಪ್ನಾಗ್ ಯಾರಾನ ಇಡ್ತಾರಾ? ಕೇಳಿದೋರ್ ನಗ್ತಾರೆ, ಓಗಿ" ಎಂದು ಚಿಕ್ಕಮ್ಮ ನಾಚಿಕೊಂಡಳು. ಆಮೇಲೆ ಹಾಡಿದಳು, ಒಂದಾದ ಮೇಲೊಂದು, ಹಾಲು ಮುಗಿದ ಮೇಲೂ. ಟೇಪನ್ನು ಹಿಂದಕ್ಕೆ ಸುತ್ತಿ ಹಾಕಿ ಕೇಳಿದರೆ ಎಲ್ಲ ಸರಿಯಾಗಿ, ಅವಳ ದನಿಯಾಗಿಯೇ ಕೇಳಿಸಿತು. ಎಲ್ಲರಿಗೂ ಸಮಾಧಾನವಾಯಿತು.

ಆಸ್ಪತ್ರೆಯಿಂದ ಅವಳು ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಬಂದಳು. ಬಾಯಿ ಆಡುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅವಳಿಲ್ಲದ ದಿನಗಳಲ್ಲಿ ಬಂಗಾರಿ ಅಜ್ಜಿಗೆ ಕಾಫಿಗಾಗುವಷ್ಟು ಹಾಲನ್ನೂ ಕೊಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಚಿಕ್ಕಮ್ಮ ಹಸುವಿನ ಪಕ್ಕ ಕೂತಳು, ಚಿಕ್ಕಪ್ಪ ಟೇಪ್ ರೆಕಾರ್ಡರಿಗೆ ಕರೆಂಟು ಕೊಟ್ಟು ಗುಂಡಿ ಒತ್ತಿದ. ಒಳಗಿಂದ ಬಂದದ್ದು ಯಾವುದೋ ಪುಟ್ಟ ಹುಡುಗಿಯ ಕೀಚಲು ದನಿ. ಬಂಗಾರಿ ಬೆಚ್ಚಿ ತಂಬಿಗೆಯನ್ನು ಒದ್ದು ಉರುಳಿಸಿತು. ಆಗ ಚಿಕ್ಕಪ್ಪನಿಗೆ ಅರ್ಥವಾಯಿತು. ಸೋತ ಶೆಲ್ಲಿನಲ್ಲಿ ಟೇಪು ನಿಧಾನಕ್ಕೆ ಓಡಿತ್ತು, ಆ ನಿಧಾನದಲ್ಲೇ ಹಾಡನ್ನು ಹಿಡಿದಿತ್ತು, ಅವತ್ತು ಅದೇ ಶೆಲ್ಲಿನಲ್ಲಿ ಕೇಳಿದ್ದರಿಂದ ಸರಿ ಅನ್ನಿಸಿತ್ತು. ಈಗ ಪೂರ್ತಿ ಕರೆಂಟಿನಲ್ಲಿ ಮೋಟಾರು ಸರಿಯಾದ ವೇಗದಲ್ಲಿ ತಿರುಗಿದಾಗ ಹಾಡು ಓಟ ಕಿತ್ತಿತ್ತು. ಇನ್ನೊಮ್ಮೆ ಹಾಡಿಸೋಣ ಎಂದರೆ ಹಾಡುವವಳಿಗೆ ದನಿಯಿಲ್ಲ. "ಕರೆಂಟ್ ಮೇಷ್ಟ್ರಂತೆ ಮೇಷ್ಟ್ರು" ಎಂದು ಬೈಯಲು ಹೊರಟ ಅಜ್ಜಿ, ಒಣಗಿಸಿದ್ದು ತಾನೇ ಎಂಬುದು ನೆನಪಾಗಿ, ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಆಂಡರ್ಸನ್‌ಪೇಟೆಯಲ್ಲಿ ಗಣಿಯ ಹತ್ತಿರ ಚಿಕ್ಕಪ್ಪನ ತಮಿಳು ಸ್ನೇಹಿತ ದೊರೈಯ ರೆಕಾರ್ಡಿಂಗ್ ಅಂಗಡಿ ಇತ್ತು. ಜನ ತಮಗೆ ಬೇಕಾದ ಹಾಡುಗಳನ್ನು ಹೇಳಿದರೆ ಕ್ಯಾಸೆಟ್ಟಿಗೆ ತುಂಬಿಸಿಕೊಡುತ್ತಿದ್ದ. ಭಾನುವಾರ ಚಿಕ್ಕಪ್ಪ ಅಲ್ಲಿಗೆ ಹೊರಟರೆ ನಾನೂ ಹಟ ಹಿಡಿದು ಹೋಗುತ್ತಿದ್ದೆ. ದೊರೈ ಟೇಪು ಕೇಳಿ ಕೈಚೆಲ್ಲಿದ. "ಎನ್ನಣ್ಣಾ ಇದು, ಚಿಕ್ಕ ಪಾಪ ಹಾಡ್ದಂಗೆ ಐತೆ!" ಆಮೇಲೆ ಇಬ್ಬರೂ ಸೇರಿ ಒಂದು ಉಪಾಯ ಹೂಡಿದರು: ದೊರೈ ಒಂದು ಮೆಷೀನಿನ ಮೋಟಾರಿನಲ್ಲಿದ್ದ ಸಣ್ಣ ಸ್ಕ್ರೂ ತಿರುಗಿಸಿ ವೇಗ ತಗ್ಗಿಸುವುದು, ಅದರಲ್ಲಿ ಹಾಡು ಓಡುತ್ತಿದ್ದಂತೆ ಇನ್ನೊಂದು ಮೆಷೀನಿನಲ್ಲಿ ಹೊಸ ಕ್ಯಾಸೆಟ್ಟಿಗೆ ಇಳಿಸುವುದು, ಅದನ್ನೇ ಮಾಸ್ಟರ್, ಅಂದರೆ ಮೂಲಪ್ರತಿ, ಎಂದು ಇಟ್ಟುಕೊಳ್ಳುವುದು. ಕೇಳಲು ಸುಲಭ. ಎಷ್ಟು ತಗ್ಗಿಸಬೇಕು ಎಂಬುದೇ ತಕರಾರು. ಒಂದು ಭಾನುವಾರ ತಂದ ಕ್ಯಾಸೆಟ್ಟು ಕೇಳಿ ಅಜ್ಜಿ, "ಇದು ರತ್ನ ಅಲ್ಲ ಕಣ್ಲಾ, ನಿಮ್ಮಪ್ಪ ನೆಗಡಿ ಬಂದಾಗ ಮಾತಾಡ್ತಿದ್ದಂಗ್ ಐತೆ" ಎಂದಳು. ಮುಂದಿನ ವಾರದ್ದು ನನಗೆ ಸರಿ ಅನ್ನಿಸಿದರೆ ಚಿಕ್ಕಪ್ಪನಿಗೆ ಅನ್ನಿಸಲಿಲ್ಲ. ಸಾಲದ್ದಕ್ಕೆ ಶೆಲ್ಲು ಹಾಡಿನಿಂದ ಹಾಡಿಗೆ ಸೋಲುತ್ತಾ ಹೋಗಿದ್ದರಿಂದ ಮೊದಲ ಪದಕ್ಕೆ ಹೊಂದಿದ್ದು ಕೊನೆಯದಕ್ಕೆ ಹೊಂದುತ್ತಿರಲಿಲ್ಲ. ಚಿಕ್ಕಮ್ಮ ಪ್ರತಿಯೊಂದಕ್ಕೂ ತಲೆ ಅಡ್ಡಡ್ಡ ಆಡಿಸುತ್ತಿದ್ದಳು.

ಒಂದು ಸಂಜೆ ಚಿಕ್ಕಪ್ಪ ಜಗುಲಿಯಲ್ಲಿ ಕೂತು ಅಜ್ಜಿಗೆ ಹೇಳಿದ. "ಅಮ್ಮಾ, ಈ ಸುಳ್ಳು ದನಿಗಳ್ನ ಕೇಳಿ ಕೇಳಿ ಅವ್ಳ ನಿಜವಾದ್ ದನಿ ನಂಗೇ ಮರ್ತೋಗ್ತಾ ಐತೆ. ಇನ್ನೊಂದ್ ತಿಂಗ್ಳು ಇಂಗೇ ಆದ್ರೆ ಸರಿ ಮಾಡಿದ್ರೂ ಸರಿ ಅಂತ ಗೊತ್ತಾಗಲ್ಲ." ಅಷ್ಟು ಗಟ್ಟಿಮುಟ್ಟಾದ ಗಂಡಸು ಹಾಗೆ ಹೆದರಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ನನಗೂ ಭಯವಾಯಿತು. ರಾತ್ರಿ ಕಣ್ಣು ಮುಚ್ಚಿ ಅವಳ ದನಿಯನ್ನು ನೆನೆಸಿಕೊಳ್ಳಲು ಹೋದರೆ ಟೇಪಿನ ದನಿಯೇ ಬರುತ್ತಿತ್ತು. ಚಿಕ್ಕಮ್ಮ ಬಾಗಿಲ ಹಿಂದೆ ಅಕ್ಕಿ ಆರಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು.

ಆ ಭಾನುವಾರ ದೊರೈ ಅಂಗಡಿಯಲ್ಲಿ ಚಿಕ್ಕಪ್ಪ ಬುತ್ತಿಯ ಚೀಲಕ್ಕೆ ಕೈ ಹಾಕಿದರೆ ಬಂಗಾರಿಯ ಕೊರಳ ಗಂಟೆ ಸಿಕ್ಕಿತು. ಚಿಕ್ಕಮ್ಮ ಅದನ್ನು ಬಿಚ್ಚಿ ಒಳಗಿಟ್ಟಿದ್ದಳು. "ಇವ್ಳಿಗೇನ್ ತಲೆ ಕೆಟ್ತಾ?" ಎಂದು ಚಿಕ್ಕಪ್ಪ ಪೆಚ್ಚಾಗಿ ಅದನ್ನು ಅಲ್ಲಾಡಿಸಿದ. ದೊರೈ ಕಿವಿ ನಿಮಿರಿತು. "ಇರಣ್ಣಾ, ಇರು!" ಎಂದು ಹಳೆಯ ಟೇಪನ್ನು ಓಡಿಸಿದ. ಹಾಡಿನ ಹಿಂದೆ, ಹಸು ತಲೆ ಕೊಡವಿದಾಗಲೆಲ್ಲ, ಅದೇ ಗಂಟೆ ಕೇಳಿಸುತ್ತಿತ್ತು, ಆದರೆ ಕೀಚಲಾಗಿ. ಮನುಷ್ಯರ ದನಿ ಮರೆತುಹೋಗಬಹುದು, ಗಂಟೆ ಕೈಯಲ್ಲೇ ಇತ್ತಲ್ಲ! ಟೇಪಿನ ಗಂಟೆ ಕೈಯ ಗಂಟೆಯಂತೆ ಕೇಳಿಸುವ ತನಕ ಸ್ಕ್ರೂ ತಿರುಗಿಸಿದರೆ ಚಿಕ್ಕಮ್ಮನ ದನಿಯೂ ತನ್ನ ಜಾಗಕ್ಕೆ ಬಂದು ಕೂರಬೇಕು. ಆ ಮಧ್ಯಾಹ್ನವೆಲ್ಲ ಚಿಕ್ಕಪ್ಪ ಗಂಟೆ ಬಾರಿಸಿದ, ದೊರೈ ಸ್ಕ್ರೂ ತಿರುಗಿಸಿದ, ಒಂದೊಂದು ಪದಕ್ಕೂ ಹೊಸದಾಗಿ. ಬೀದಿಯಲ್ಲಿ ಹೋಗುವವರು ಇಣುಕಿ, ಇದೇನು ಪೂಜೆಯೋ ಎಂದು ನಗುತ್ತಿದ್ದರು. ಕೊನೆಗೆ ಒಂದು ಸಲ ಎರಡು ಗಂಟೆಗಳೂ ಒಂದಾಗಿ ಕೇಳಿಸಿದವು. ಅದರ ಬೆನ್ನಿಗೇ ಹುರಿದ ರಾಗಿಯ ಬಣ್ಣದ ಆ ದನಿ ಆಂಡರ್ಸನ್‌ಪೇಟೆಯ ಅಂಗಡಿಯೊಳಗೆ "ಇಳಿಯೇ ತಾಯಿ" ಎಂದಿತು. ಚಿಕ್ಕಪ್ಪ ಗಂಟೆಯನ್ನು ಮಡಿಲಲ್ಲಿಟ್ಟುಕೊಂಡು ಮುಖ ಮುಚ್ಚಿಕೊಂಡ. ದೊರೈ ಟೀ ಹೇಳಲು ಎದ್ದು ಹೋದ.

ಮಾರನೆಯ ದಿನ ಬಂಗಾರಿ ಕಿವಿಯನ್ನು ಹಿಂದಕ್ಕೆ ತಿರುಗಿಸಿ ಒಂದು ಗಳಿಗೆ ನಿಂತಿತು, ಆಮೇಲೆ ಮೆಲುಕು ಹಾಕತೊಡಗಿತು, ಹಾಲು ಇಳಿಸಿತು. ಅಜ್ಜಿ ದೃಷ್ಟಿ ತೆಗೆದಳು, ಹಸುವಿಗೂ ಟೇಪ್ ರೆಕಾರ್ಡರಿಗೂ. ಮಾಸ್ಟರ್ ಕ್ಯಾಸೆಟ್ಟಿನ ಮೇಲೆ ಅಪ್ಪಿತಪ್ಪಿ ಇನ್ನೊಂದು ರೆಕಾರ್ಡ್ ಆಗದಂತೆ ಚಿಕ್ಕಪ್ಪ ಅದರ ಬೆನ್ನಿನ ಎರಡು ಪ್ಲಾಸ್ಟಿಕ್ ಚೂರುಗಳನ್ನು ಮುರಿದು, ತಗಡಿನ ಡಬ್ಬಿಯಲ್ಲಿ ಹಾಕಿ, ಬೀರುವಿನಲ್ಲಿ ಅವಳ ಮದುವೆಯ ಸೀರೆಯ ಪಕ್ಕ ಇಟ್ಟ. ಕೊಟ್ಟಿಗೆಯಲ್ಲಿ ಓಡುತ್ತಿದ್ದುದು ಅದರ ನಕಲು. ತೇವಕ್ಕೆ ನಕಲು ಹಾಳಾದರೆ ದೊರೈ ಮಾಸ್ಟರಿನಿಂದ ಇನ್ನೊಂದು ಇಳಿಸಿಕೊಡುತ್ತಿದ್ದ. ನಾನು ಹೈಸ್ಕೂಲು ಮುಗಿಸುವ ತನಕ ನಮ್ಮ ಮನೆಯ ಬೆಳಗು ಹೀಗೆಯೇ ಆಯಿತು: ಬಾಗಿಲಿಗೆ ಒರಗಿದ ಚಿಕ್ಕಪ್ಪ, ಕೈಯಲ್ಲಿ ಖಾಲಿ ಲೋಟ, ಹಸುವಿನ ಪಕ್ಕ ಮಾತಿಲ್ಲದ ಚಿಕ್ಕಮ್ಮ, ಅವಳ ತಲೆಯ ಮೇಲಿನ ಹಲಗೆಯಿಂದ ಅವಳದೇ ಹಾಡು.

ಒಂದು ದಿನ ಟೇಪ್ ರೆಕಾರ್ಡರಿನ ಬೆಲ್ಟು ಹರಿದು ಅದು ದೊರೈ ಅಂಗಡಿ ಸೇರಿತು. ಮಾರನೆಯ ಬೆಳಿಗ್ಗೆ ಚಿಕ್ಕಪ್ಪ, "ಇವತ್ತು ಆಲಿಲ್ಲ ಬಿಡಿ, ಕರೂಗೇ ಬಿಟ್ಬಿಡಿ" ಎಂದು ಮುಖ ಸಪ್ಪಗೆ ಮಾಡಿಕೊಂಡು ರೈಲಿಗೆ ಹೋದ. ನಾನು ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರೆ ಚಿಕ್ಕಮ್ಮ ಬಂಗಾರಿಯ ಹೊಟ್ಟೆಗೆ ಹಣೆ ಆನಿಸಿ ಕೂತಿದ್ದಳು. ತುಟಿ ಆಡುತ್ತಿತ್ತು. ಸದ್ದಿಲ್ಲದ ಆ ಪದದ ಲಯಕ್ಕೆ ಅವಳ ಕೈಗಳು ಹಾಲು ಕರೆಯುತ್ತಿದ್ದವು, ತಂಬಿಗೆಯಲ್ಲಿ ನೊರೆ ಏರುತ್ತಿತ್ತು. ನನ್ನನ್ನು ಕಂಡು ಬೆಚ್ಚಿದಳು, ಆಮೇಲೆ ಮೆಲ್ಲಗೆ ನಕ್ಕು, ತುಟಿಯ ಮೇಲೆ ಬೆರಳಿಟ್ಟಳು. ಅಜ್ಜಿ ಏನೂ ಕೇಳದೆ ಆ ಹಾಲನ್ನು ಕಾಯಿಸಿ ಹೆಪ್ಪು ಹಾಕಿದಳು. ಅಂದರೆ ಅವಳಿಗೂ ಮೊದಲೇ ಗೊತ್ತಿತ್ತು. "ಹಾಗಾದರೆ ಟೇಪು ಯಾಕಜ್ಜಿ ಬೇಕು?" ಎಂದೆ. "ಅಸೂಗ್ ಬ್ಯಾಡ ಕಣೇ" ಎಂದಳು ಅಜ್ಜಿ, ಮಡಕೆಯ ಬಾಯಿ ಮುಚ್ಚುತ್ತಾ. "ಅವ್ನಿಗ್ ಬೇಕು." ಸಂಜೆ ಚಿಕ್ಕಪ್ಪ ಬಂದು ಬರಿದಾದ ತಂಬಿಗೆ ನೋಡಿ, "ನೋಡ್ದ್ಯಾ, ನಿನ್ ದನಿ ಇಲ್ದೆ ಅದು ಮುಟ್ಸಿಕೊಳ್ಳಲ್ಲ" ಎಂದು ಹೆಂಡತಿಗೆ ಹೆಮ್ಮೆಯಿಂದ ಹೇಳಿದ. ಅವಳು ಹೌದೆಂದು ತಲೆಯಾಡಿಸಿದಳು.

ಈಗ ಆ ಮನೆಯಿಲ್ಲ, ಕೊಟ್ಟಿಗೆ ಇದ್ದ ಕಡೆ ಯಾರದೋ ಸೈಟಿನ ಕಲ್ಲುಗಳಿವೆ. ಗಣಿ ಮುಚ್ಚಿತು, ದೊರೈ ಅಂಗಡಿಯೂ ಹೋಯಿತು, ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಒಬ್ಬರ ಹಿಂದೆ ಒಬ್ಬರು ಹೋದರು. ಮಾಸ್ಟರ್ ಕ್ಯಾಸೆಟ್ಟು ನನ್ನ ಬಳಿ ಇದೆ. ನನ್ನ ಮಗಳು ಯಾರಿಂದಲೋ ಅದನ್ನು ಫೋನಿಗೆ ಹಾಕಿಸಿಕೊಟ್ಟಳು. ಅವರು ಟೇಪಿನ ಸುಯ್ಯೆನ್ನುವ ಸದ್ದನ್ನೆಲ್ಲ ತೆಗೆದು ಬಹಳ ಶುದ್ಧ ಮಾಡಿದ್ದಾರೆ. ಅದರ ಜೊತೆಗೆ ಹಸುವಿನ ಉಸಿರೂ ಹೋಗಿದೆ, ತಂಬಿಗೆಗೆ ಹಾಲು ಬೀಳುವ ಸದ್ದೂ ಹೋಗಿದೆ. ಹಾಡು ಮಾತ್ರ ಉಳಿದಿದೆ, ಗಾಳಿಯಲ್ಲಿ ನಿಂತು ಹಾಡಿದ ಹಾಗೆ. ಮಗಳ ಮನಸ್ಸು ನೋಯಿಸಬಾರದೆಂದು ಚೆನ್ನಾಗಿದೆ ಎಂದೆ. ಒಬ್ಬಳೇ ಇದ್ದಾಗ ಹಳೆಯ ಮೆಷೀನು ಹುಡುಕಿ ಕ್ಯಾಸೆಟ್ಟನ್ನೇ ಹಾಕಿಕೊಳ್ಳುತ್ತೇನೆ.

ಬಂಗಾರಿ ಮುದಿಯಾಗಿ ಸತ್ತದ್ದು ನಾನು ಕಾಲೇಜಿನ ರಜಕ್ಕೆ ಬಂದಿದ್ದಾಗ. ಹೊಲದ ಬದಿಯಲ್ಲಿ ಅದನ್ನು ಹೂತು ಬಂದೆವು. ಮರುದಿನ ಬೆಳಿಗ್ಗೆ ಚಿಕ್ಕಪ್ಪ ಎಂದಿನ ಹೊತ್ತಿಗೇ ಎದ್ದ. ಕೊಟ್ಟಿಗೆಯಲ್ಲಿ ಕೆಲಸವಿರಲಿಲ್ಲ. ಹಸುವಿಲ್ಲದೆ ಹಾಡು ಹಾಕಲು ಅವನಿಗೆ ನೆಪವೂ ಇರಲಿಲ್ಲ. ಏನು ಮಾಡಬೇಕೆಂದು ತೋಚದೆ ಜಗುಲಿಯ ಮೇಲೆ ಕೂತ. ಚಿಕ್ಕಮ್ಮ ಕೊಟ್ಟಿಗೆಗೆ ಹೋಗಿ ಟೇಪ್ ರೆಕಾರ್ಡರನ್ನು ಹಲಗೆಯಿಂದ ಇಳಿಸಿ ತಂದಳು, ಸೆರಗಿನಲ್ಲಿ ಒರೆಸಿದಳು, ಅವನ ಮುಂದಿಟ್ಟು ತಾನೇ ಗುಂಡಿ ಒತ್ತಿದಳು. ಅವನು ತಲೆಯೆತ್ತಿ ಅವಳನ್ನು ನೋಡಿದ, ಹಾಡು ಬೇಕಾಗಿದ್ದುದು ತನಗೇ ಎಂಬುದು ಅವಳಿಗೆ ಎಷ್ಟು ದಿನದಿಂದ ಗೊತ್ತಿತ್ತು ಎಂದು ಕೇಳುವವನಂತೆ. ಅವಳು ಪಕ್ಕದಲ್ಲಿ ಕೂತು, ತನ್ನ ದನಿಯನ್ನು ಅವನು ಕೇಳುವುದನ್ನು ನೋಡುತ್ತಿದ್ದಳು.