ಉಂಗುರ ಬೆರಳಿನ ಗಡಿ

ರೊಟ್ಟಿ ಬಡಿಯುವ ಕೈಗೆ ಬಿಸಿ ತಾಗಬಾರದು ಎಂಬುದು ನಮ್ಮ ವಿಜಾಪುರದ ಕಡೆಯ ಹೆಂಗಸರ ಜಂಬ. ಕಾದ ಹಂಚಿನ ಮೇಲಿನ ರೊಟ್ಟಿಯನ್ನು ಬರಿಗೈಯಿಂದ ತಿರುವಿ ಹಾಕಿ, ಹಾಯ್ ಎನ್ನದೆ ಕೂತವಳು ಗಟ್ಟಿ ಸೊಸೆ. ಚಿಮಟಾ ಹಿಡಿದವಳು ಇನ್ನೂ ಹುಡುಗಿ. ನಾನು ಮದುವೆಯಾಗಿ ಜೋಗೇಶ್ವರಿಯ, ಒಂದೇ ಕೋಣೆಯ ಖೋಲಿಗಳ ಸಾಲಿನ ಚಾಳಿಗೆ ಬಂದಾಗ ಹುಡುಗಿಯೇ ಇದ್ದೆ. ಎಪ್ಪತ್ತರ ದಶಕದ ಮೊದಲ ವರ್ಷಗಳು ಅವು. ನಮ್ಮವರು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇಥ್ ಮೇಲೆ ಕೆಲಸ ಮಾಡುತ್ತಿದ್ದರು. ಪಕ್ಕದ ಖೋಲಿಯಲ್ಲಿ, ಹೆಂಡತಿ ಮಕ್ಕಳನ್ನು ಊರಲ್ಲೇ ಬಿಟ್ಟು ದುಡಿಯಲು ಬಂದಿದ್ದ ನಮ್ಮ ಕಡೆಯ ಗಂಡಸರಿದ್ದರು. ಅವರಿಗೂ ನಾನೇ ರೊಟ್ಟಿ ಬಡಿದು ಕೊಡುತ್ತಿದ್ದೆ.

ಹೀಗಾಗಿ ಬಲಗೈಯ ಕಿರುಬೆರಳಿಗೆ ಬಿಸಿ ತಿಳಿಯದಂತಾದಾಗ ನನಗೆ ಖುಷಿಯೇ ಆಯಿತು. ಎದುರು ಖೋಲಿಯ ಬೆಳಗಾವಿಯ ಅಜ್ಜಿಗೆ ಹೇಳಿಕೊಂಡೆ. ಅವರು ನನ್ನ ಕೈ ಹಿಡಿದು ತಿರುಗಿಸಿ ನೋಡಿ, ಅಂತೂ ಕೈ ಪಳಗಿತು ಎಂದು ಮೆಚ್ಚಿಕೊಂಡರು. ನಾನು ಬೀಗಿದೆ. ಎಂಥ ದಡ್ಡಿ ನಾನು.

ಒಂದು ಬೆಳಿಗ್ಗೆ ನಲ್ಲಿಯ ಕೆಳಗೆ ಕೈ ತೊಳೆಯುವಾಗ ನೋಡುತ್ತೇನೆ, ಕಿರುಬೆರಳಿನ ಹೊರ ಅಂಚಿನಲ್ಲಿ ದೊಡ್ಡ ಬೊಬ್ಬೆ ಎದ್ದು ಒಡೆದಿದೆ. ಯಾವಾಗ ಸುಟ್ಟಿತೋ ಗೊತ್ತೇ ಆಗಿರಲಿಲ್ಲ. ಪಳಗಿದ ಕೈಗೆ ಬೊಬ್ಬೆ ಏಳುವುದಿಲ್ಲ, ಅಷ್ಟು ನನಗೂ ತಿಳಿದಿತ್ತು. ನೀರು ಹರಿಯುತ್ತಲೇ ಇತ್ತು, ನಾನು ನಿಂತೇ ಇದ್ದೆ. ಕೊಡ ಹಿಡಿದು ಸರದಿಯಲ್ಲಿ ಹಿಂದೆ ನಿಂತಿದ್ದವಳು ಬೈದಾಗ ಎಚ್ಚರಾಯಿತು.

ಕುಷ್ಠಕ್ಕೆ ನಮ್ಮೂರಲ್ಲಿ ದೊಡ್ಡ ರೋಗ ಎನ್ನುತ್ತಿದ್ದರು. ಹೆಸರೆತ್ತಿದರೂ ಬರುತ್ತದೆ ಎಂಬ ಹೆದರಿಕೆ. ಮೊದಲು ಸ್ಪರ್ಶ ಹೋಗುತ್ತದೆ, ಸುಟ್ಟರೂ ತಿಳಿಯುವುದಿಲ್ಲ, ಆಮೇಲೆ ಬೆರಳು ಮಡಚುತ್ತದೆ ಎಂದು ಕೇಳಿ ಬೆಳೆದವಳು ನಾನು. ನಮ್ಮ ಸ್ಟೇಷನ್ನಿನ ಸೇತುವೆಯ ಮೇಲೆ ಅಂಥ ಬೆರಳುಗಳ ಒಂದಿಬ್ಬರು ಕೂಡುತ್ತಿದ್ದರು. ನಾನು ಸೀರೆ ಒತ್ತಿ ಹಿಡಿದು ದೂರದಿಂದ ದಾಟುತ್ತಿದ್ದೆ. ಚಾಳಿನಲ್ಲಿ ಗೊತ್ತಾದರೆ ನಲ್ಲಿ ಮುಟ್ಟಗೊಡುವುದಿಲ್ಲ, ಖೋಲಿ ಬಿಡಿಸುತ್ತಾರೆ. ಅದೆಲ್ಲ ಹೋಗಲಿ. ಇನ್ನೂ ಮೊಲೆಹಾಲು ಕುಡಿಯುತ್ತಿದ್ದ ನನ್ನ ಮಗಳನ್ನು ನನ್ನಿಂದ ಕಿತ್ತುಕೊಳ್ಳುತ್ತಾರೆ.

ನಾನು ಸುತ್ತಲಿನವರ ಸೀರೆಗಳಿಗೆ ಫಾಲ್ ಹಚ್ಚಿಕೊಡುತ್ತಿದ್ದೆ, ಸೂಜಿ ಕೈಯಲ್ಲೇ ಇರುತ್ತಿತ್ತು. ಮಧ್ಯಾಹ್ನ ಮಗು ಮಲಗಿದಾಗ ಬಾಗಿಲು ಮುಂದೆ ಮಾಡಿ ಬೆರಳಿಗೆ ಚುಚ್ಚಿ ನೋಡಿಕೊಂಡೆ. ಕಿರುಬೆರಳಿನಲ್ಲಿ ಏನೂ ಇಲ್ಲ. ಉಂಗುರ ಬೆರಳಿನಲ್ಲಿ ವಿಚಿತ್ರ: ಕಿರುಬೆರಳಿನ ಕಡೆಯ ಅರ್ಧಕ್ಕೆ ಚುಚ್ಚಿದರೆ ಮರದ ತುಂಡಿಗೆ ಚುಚ್ಚಿದ ಹಾಗೆ, ಆಚೆಯ ಅರ್ಧಕ್ಕೆ ಚುಚ್ಚಿದರೆ ಪ್ರಾಣ ಹೋಗುವಷ್ಟು ನೋವು. ಒಂದೇ ಬೆರಳು, ಅರ್ಧ ಸತ್ತಿದೆ, ಅರ್ಧ ಬದುಕಿದೆ. ರೋಗ ಇಲ್ಲಿತನಕ ಬಂದು ನಿಂತಿದೆ, ನಾಳೆ ಗಡಿ ದಾಟುತ್ತದೆ ಎಂದುಕೊಂಡೆ.

ಆಮೇಲೆ ದಿನಾ ಎದ್ದ ಕೂಡಲೇ ಚಹಾಕ್ಕೂ ಮೊದಲು ಸೂಜಿ. ಗಡಿ ದಾಟಿರುತ್ತಿರಲಿಲ್ಲ. ಆದರೆ ಎರಡೂ ಬೆರಳು ತಾವಾಗಿಯೇ ಮಡಚತೊಡಗಿದ್ದವು. ನೆಟ್ಟಗೆ ಮಾಡಿದರೆ ಮತ್ತೆ ಬಾಗುತ್ತಿದ್ದವು. ಸೆರಗಿನಲ್ಲಿ ಮುಚ್ಚಿಕೊಂಡು ಓಡಾಡಿದೆ. ಮೈ ಸರಿಯಿಲ್ಲ ಎಂದು ಪಕ್ಕದವರ ರೊಟ್ಟಿ ನಿಲ್ಲಿಸಿದೆ. ಮಗಳ ಮೈಗೆ ಬಲಗೈ ಸೋಕಿಸುವುದನ್ನೇ ಬಿಟ್ಟೆ. ಅವಳು ನನ್ನ ಬೆರಳು ಹಿಡಿಯಲು ಕೈ ಚಾಚಿದರೆ ಹಾವು ಕಂಡಂತೆ ಹಿಂದೆ ಸರಿಯುತ್ತಿದ್ದೆ. ಅವಳು ಅಳುತ್ತಿದ್ದಳು, ನಾನೂ ಅಳುತ್ತಿದ್ದೆ.

ನಮ್ಮವರ ಕಣ್ಣಿಗೆ ಬಿದ್ದದ್ದು ಎಡಗೈ. ಮಗುವಿನ ಬಾಯಿಗೆ ಎಡಗೈಯಿಂದ ಅನ್ನ ಇಡುವುದೇ, ತಲೆ ಕೆಟ್ಟಿದೆಯೇ ಎಂದು ಕೇಳಿದರು. ಬಲಗೈ ಬಿಚ್ಚಿ ತೋರಿಸಿದೆ. ಬಗ್ಗಿ ನೋಡಿದರು, ಮುಟ್ಟಲಿಲ್ಲ. ಸೋಮವಾರ ರಜೆ ಹಾಕುತ್ತೇನೆ, ದೊಡ್ಡ ದವಾಖಾನೆಗೆ ಹೋಗೋಣ ಎಂದಷ್ಟೇ ಹೇಳಿದರು.

ಡಾಕ್ಟರು ಮರಾಠಿ ಮಾತಾಡುವ ಹೆಂಗಸು, ನನಗಿಂತ ಸ್ವಲ್ಪವೇ ದೊಡ್ಡವರು. ಹೆಬ್ಬೆರಳು ತೋರುಬೆರಳುಗಳ ನಡುವೆ ಒಂದು ಕಾಗದ ಹಿಡಿಯಲು ಹೇಳಿ ಅದನ್ನು ಎಳೆದರು. ಎಡಗೈ ಬಿಡಲಿಲ್ಲ, ಬಲಗೈಯಿಂದ ಸರ್ರನೆ ಜಾರಿತು. ಕತೆ ಮುಗಿಯಿತು ಎಂದುಕೊಂಡೆ. ಮುಖ, ಕಿವಿ, ಬೆನ್ನು ಎಲ್ಲ ಬೆಳಕಿಗೆ ತಿರುಗಿಸಿ ನೋಡಿದರು. ಮೊಳಕೈಯ ಹಿಂದೆ ಬೆರಳಿಟ್ಟು, ಲಂಗದ ನೇಫಾದೊಳಗೆ ಜಾರಿಹೋದ ಲಾಡಿ ಹುಡುಕುವವರ ಹಾಗೆ ಏನನ್ನೋ ಹೊರಳಿಸಿ ಹೊರಳಿಸಿ ನೋಡಿದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಅದರಲ್ಲಿ ಏನೂ ಬರೆದಿರಲಿಲ್ಲ. ಆಮೇಲೆ ನಮ್ಮವರನ್ನೂ ಕೂರಿಸಿ ಅವರ ಮೊಳಕೈಯನ್ನೂ ಹಾಗೆಯೇ ಹಿಚುಕಿ ನೋಡಿದರು.

ಕೊನೆಗೆ, ಮನೆಯಲ್ಲಿ ಕೆಲಸ ಮಾಡುವಾಗ ಹೇಗೆ ಕೂಡುತ್ತೀಯೋ ಹಾಗೆ ನೆಲದ ಮೇಲೆ ಕೂತು ತೋರಿಸು ಎಂದರು. ರೊಟ್ಟಿಗೆ ಕೂತಂತೆ ಕೂತೆ. ಮತ್ತೇನು ಮಾಡುತ್ತೀ ಎಂದರು. ಫಾಲ್ ಹಚ್ಚುತ್ತೇನೆ ಎನ್ನುತ್ತ ಸೂಜಿ ಹಿಡಿದಂತೆ ಕೈ ಎತ್ತಿದೆ ನೋಡಿ, ನನಗೆ ಗೊತ್ತಿಲ್ಲದೆಯೇ ಮೊಳಕೈ ಪಕ್ಕದ ಸ್ಟೂಲಿನ ಅಂಚಿಗೆ ಹೋಗಿ ಕೂತಿತು. ಮನೆಯಲ್ಲಿ ಆ ಜಾಗದಲ್ಲಿ ತಗಡಿನ ಟ್ರಂಕು. ಅದರ ಮೇಲೆ ಸೀರೆ ಹರಡಿ, ಅಂಚಿಗೆ ಮೊಳಕೈ ಊರಿ ಹೊತ್ತು ಮುಳುಗುವವರೆಗೆ ಹೊಲಿಯುತ್ತಿದ್ದೆ.

"ವೊ ಬಿಮಾರಿ ನಹೀ ಹೈ," ಎಂದರು ಡಾಕ್ಟರು. ಆ ರೋಗವಲ್ಲ. ನಾನು ಅದನ್ನು ಮತ್ತೊಮ್ಮೆ ಹೇಳಿಸಿದೆ.

ಕುತ್ತಿಗೆಯಿಂದ ಹೊರಟು ಕಂಕುಳ ಹಾದು ಕೈಗೆ ಮೂರು ದೊಡ್ಡ ನರಗಳು ಬರುತ್ತವಂತೆ. ಅದರಲ್ಲೊಂದು ಮೊಳಕೈಯ ಹಿಂದೆ ಎಲುಬಿನ ಸಂದಿನಲ್ಲಿ, ಬರೀ ಚರ್ಮದ ಕೆಳಗೆ ಹಾದುಹೋಗುತ್ತದೆ. ಬಾಗಿಲಿಗೆ ಮೊಳಕೈ ಬಡಿದರೆ ಜುಂ ಎನ್ನುವುದು ಅದೇ. ದೊಡ್ಡ ರೋಗವಾಗಿದ್ದರೆ ಆ ನರ ಹಗ್ಗದಂತೆ ದಪ್ಪವಾಗಿರುವುದೇ ಹೆಚ್ಚು. ನನ್ನದು ನಮ್ಮವರ ನರದಷ್ಟೇ ಇತ್ತು, ಮೈಮೇಲೆ ಮಚ್ಚೆಯೂ ಇರಲಿಲ್ಲ. ಟ್ರಂಕಿನ ಅಂಚು ಅದನ್ನು ಅರೆದುಹಾಕಿತ್ತು, ಅಷ್ಟೆ. ಕಿರುಬೆರಳು ಮತ್ತು ಉಂಗುರ ಬೆರಳಿನ ಅರ್ಧ ಈ ನರದ್ದು, ಉಳಿದರ್ಧ ಇನ್ನೊಂದರದ್ದು. ಡಾಕ್ಟರು ತಮ್ಮ ಬೆರಳಿನ ಮೇಲೇ ಪೆನ್ನಿನಿಂದ ಗೆರೆ ಎಳೆದು, ಗಡಿ ಎಲ್ಲರಿಗೂ ಇಲ್ಲೇ ಎಂದರು. ಟ್ರಂಕು ಬಿಟ್ಟರೆ ನಿಧಾನಕ್ಕೆ ಸರಿಹೋಗುತ್ತದೆ ಎಂದರು. ಹುಟ್ಟಿದಾಗಿನಿಂದ ಅಲ್ಲೇ ಇದ್ದ ಗೆರೆಯನ್ನು ನಾನು ದಿನವೂ ಸೂಜಿ ಹಿಡಿದು ಕಾದಿದ್ದೆ. ನಗು ಬರಬೇಕಿತ್ತು. ಅಲ್ಲೇ ಕೂತು ಗೊಳೋ ಎಂದು ಅತ್ತೆ.

ದಾದರ್‌ನಲ್ಲಿ ಲೋಕಲ್ ಹತ್ತಿದೆವು. ಮಧ್ಯಾಹ್ನದ ಗಾಡಿ, ಕೂರಲು ಜಾಗ ಸಿಕ್ಕಿತು. ಅಲ್ಲಿಯತನಕ ನಮ್ಮವರೇ ಹೊತ್ತಿದ್ದ ಮಗಳನ್ನು ಎರಡೂ ಕೈಯಿಂದ ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡೆ. ಅವಳು ನನ್ನ ಮಡಚಿದ ಬೆರಳನ್ನು ಬಾಯಿಗಿಟ್ಟುಕೊಂಡಳು. ನಮ್ಮವರು ಶೇಂಗಾ ಕೊಂಡರು, ಸುಲಿದು ನನಗೂ ಕೊಟ್ಟರು. ಅಷ್ಟು ಹಗುರಾಗಿದ್ದ ಅವರ ಮುಖವನ್ನು ನಾನು ಆ ವಾರದಲ್ಲಿ ನೋಡಿರಲಿಲ್ಲ. ಬಾಂದ್ರಾ ದಾಟಿದ ಮೇಲೆ, ಮಳೆ ನಿಂತಿತು ಎನ್ನುವಷ್ಟು ಸಲೀಸಾಗಿ ಹೇಳಿದರು:

"ಪಾರಾದ್ವಿ ನೋಡು. ಅದಽ ಆಗಿದ್ರ ನಿನ್ನ ತವರಮನಿಗೆ ಬಿಟ್ಟು ಬರೂದು, ಕೂಸಿನ್ನ ಬೊರಿವಲಿ ಅಕ್ಕನ ಕಡೆ ಇಡೂದು ಅಂತ ಮಾಡಿದ್ದೆ. ನಿನ್ನೆ ಹೋಗಿ ಅಕಿ ಕೂಡ ಮಾತಾಡೇ ಬಂದಿದ್ದೆ."

ನಿನ್ನೆ ಭಾನುವಾರ. ಓವರ್‌ಟೈಮ್ ಇದೆ ಎಂದು ಹೇಳಿ ಹೋಗಿದ್ದರು. ಬರುವಾಗ ನನಗೆ ಇಷ್ಟವೆಂದು ಬಾಳೆಹಣ್ಣು ತಂದಿದ್ದರು.

ಅವರು ಕೆಟ್ಟವರಲ್ಲ. ಕಷ್ಟ ಕಳೆಯಿತೆಂದು ಮನಸ್ಸು ಬಿಚ್ಚಿ ಮಾತಾಡುತ್ತಿದ್ದರು, ಶೇಂಗಾ ಸಿಪ್ಪೆಯನ್ನು ಕಿಟಕಿಯಿಂದ ಊದುತ್ತಿದ್ದರು. ನಾನು ಮಾತ್ರ ಸೂಜಿ ಹಿಡಿದು ಕೂತ ದಿನಗಳಲ್ಲೂ ಅಷ್ಟು ಹೆದರಿರಲಿಲ್ಲ. ಮಗಳನ್ನು ಎಷ್ಟು ಬಿಗಿಯಾಗಿ ಹಿಡಿದೆನೋ, ಸತ್ತ ಬೆರಳಿಗೆ ಏನು ತಿಳಿಯುತ್ತದೆ, ಅವಳು ಚೀರಿ ಅತ್ತಳು.

"ಕೈ ಸೋತಿರ್ತದ ನಿಂದು, ತಾ ಇಲ್ಲೆ," ಎಂದು ಅವರು ಎರಡೂ ಕೈ ಚಾಚಿದರು.

ನಾನು ಕೊಡಲಿಲ್ಲ.